ಇಮೇಲ್ ಬಳಗದಿಂದ ಭಾನುವಾರದ ಕೂಟಕ್ಕೆ

ಭಾರತದ ನಗರಗಳಲ್ಲಿ ಸಲಿಂಗಿ ಗಂಡಸರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಬಗೆ 1990ರ ದಶಕದ ಕೊನೆಯ ನಾಲ್ಕೈದು ವರ್ಷಗಳಲ್ಲಿ ಪೂರ್ತಿ ಬದಲಾಯಿತು. ಅಲ್ಲಿಯವರೆಗೆ ಇದ್ದವು ಮುಖ್ಯವಾಗಿ ಎರಡು ದಾರಿ. ಒಂದು, ಕತ್ತಲಾದ ಮೇಲೆ ಪಾರ್ಕು, ರೈಲು ನಿಲ್ದಾಣ, ಬಸ್ ಸ್ಟ್ಯಾಂಡುಗಳ ಆಸುಪಾಸು. ಅಲ್ಲಿ ಯಾರೂ ನಿಜವಾದ ಹೆಸರು ಹೇಳುತ್ತಿರಲಿಲ್ಲ. ಪೊಲೀಸರ ಲಾಠಿಯ ಭಯವೂ ಅವರು ಕಿತ್ತುಕೊಳ್ಳುವ ದುಡ್ಡಿನ ಚಿಂತೆಯೂ ಸದಾ ಇರುತ್ತಿದ್ದವು. ಇನ್ನೊಂದು ದಾರಿ ಅಂಚೆ. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಭಾರತೀಯರು ‘ತ್ರಿಕೋನ್’ ಪತ್ರಿಕೆ ಆರಂಭಿಸಿದರು. 1990ರಲ್ಲಿ ಅಶೋಕ್ ರಾವ್ ಕವಿ ಮುಂಬೈಯಿಂದ ‘ಬಾಂಬೆ ದೋಸ್ತ್’ ಹೊರತಂದರು. ಊರೂರಿನ ಓದುಗರು ಇಂಥ ಪತ್ರಿಕೆಗಳಿಗೆ ಕಾಗದ ಬರೆದು ಉತ್ತರಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದರು. ಕೂಡು ಕುಟುಂಬದಲ್ಲಿ ಲಕೋಟೆಯನ್ನು ಯಾರು ಬೇಕಾದರೂ ಒಡೆಯಬಹುದಾದ್ದರಿಂದ ಆ ಕಾಯುವಿಕೆ ಸುಖದ್ದೇನೂ ಆಗಿರಲಿಲ್ಲ.

ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಬಳಗ ಹುಟ್ಟಿ ಗುರುವಾರದ ಸಂಜೆಗಳಲ್ಲಿ ಸೇರತೊಡಗಿತು. ಆದರೆ ಇಂಥದೊಂದು ಬಳಗ ಇದೆ ಎಂದು ತಿಳಿಯಬೇಕಾದರೆ ಬಲ್ಲವರೊಬ್ಬರು ಬಾಯಿಬಿಟ್ಟು ಹೇಳಬೇಕಿತ್ತು. ಹಾಸನದಲ್ಲೋ ರಾಯಚೂರಿನಲ್ಲೋ ಇದ್ದವನಿಗೆ ಹೇಳುವವರು ಯಾರು?

ಅಂತರ್ಜಾಲದ ರುಚಿ ಮೊದಲು ಹತ್ತಿದ್ದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದವರಿಗೆ. ಅಲ್ಲಿ 1983ರಿಂದಲೇ ಯೂಸ್‌ನೆಟ್ ಎಂಬ ಜಾಲದಲ್ಲಿ ಸಲಿಂಗಿಗಳ ಚರ್ಚಾ ಕಟ್ಟೆಯೊಂದಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ದಕ್ಷಿಣ ಏಷ್ಯಾದವರಿಗೆಂದೇ ‘ಖುಷ್ ಲಿಸ್ಟ್’ ಎಂಬ ಇಮೇಲ್ ಬಳಗ ಶುರುವಾಯಿತು. ಭಾರತದಲ್ಲಿ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ದರ ದುಬಾರಿ, ವೇಗ ಆಮೆಯದು, ಸಂಪರ್ಕ ಇದ್ದದ್ದೂ ಕೆಲವೇ ಮಹಾನಗರಗಳಲ್ಲಿ. ಹೀಗಾಗಿ ಮೊದಲು ಒಳಬಂದವರು ಇಂಗ್ಲಿಷ್ ಬಲ್ಲ, ಕಚೇರಿಯಲ್ಲೋ ಮನೆಯಲ್ಲೋ ಕಂಪ್ಯೂಟರ್ ಇದ್ದ ಮಧ್ಯಮ ವರ್ಗದವರು. ಈ ಚರಿತ್ರೆಯ ಉದ್ದಕ್ಕೂ ಆ ಗುರುತು ಉಳಿದುಕೊಂಡಿದೆ.

1998ರಲ್ಲಿ ‘ಗೇ ಬಾಂಬೆ’ ವೆಬ್‌ಸೈಟೂ ಅದರ ಬೆನ್ನಿಗೇ ಅದೇ ಹೆಸರಿನ ಇಮೇಲ್ ಬಳಗವೂ ಹುಟ್ಟಿದವು. ಇಮೇಲ್ ಬಳಗದ ವ್ಯವಸ್ಥೆ ಸರಳ: ಒಬ್ಬ ಬರೆದದ್ದು ಸದಸ್ಯರೆಲ್ಲರ ಅಂಚೆಪೆಟ್ಟಿಗೆಗೂ ಹೋಗುತ್ತದೆ, ಉತ್ತರವೂ ಎಲ್ಲರಿಗೂ ಬರುತ್ತದೆ. ಹೆಚ್ಚಿನವರು ಇದಕ್ಕೆಂದೇ ಇನ್ನೊಂದು ಇಮೇಲ್ ಖಾತೆ ತೆರೆದು, ಯಾವುದೋ ಹೆಸರಿಟ್ಟುಕೊಂಡು ಸೇರುತ್ತಿದ್ದರು. ಒಂದು ಸಾಲನ್ನೂ ಬರೆಯದೆ ಬರೀ ಓದುತ್ತ ಇದ್ದವರೇ ಬಹಳ. ಮನೆಯವರು ಹೆಣ್ಣು ನೋಡುತ್ತಿದ್ದಾರೆ, ಹೇಗೆ ತಪ್ಪಿಸಿಕೊಳ್ಳುವುದು? ಹೀನಾಯವಾಗಿ ನೋಡದ ವೈದ್ಯರು ಯಾರಿದ್ದಾರೆ? ಇಬ್ಬರು ಗಂಡಸರಿಗೆ ಬಾಡಿಗೆ ಮನೆ ಎಲ್ಲಿ ಸಿಕ್ಕೀತು? ಹೊಸ ಸಿನಿಮಾ, ಹಳೆಯ ಜಗಳ, ರಾಜಕೀಯ, ಎಲ್ಲವೂ ಅಲ್ಲಿ ಬರುತ್ತಿದ್ದವು. ತನ್ನ ಪಾಡು ತನಗೊಬ್ಬನಿಗೇ ಬಂದದ್ದು ಎಂದುಕೊಂಡಿದ್ದವನಿಗೆ ಅದೇ ಪಾಡಿನ ಹತ್ತಾರು ಕಾಗದಗಳು ದಿನವೂ ಬರುವುದು ಸಣ್ಣ ಸಂಗತಿಯಲ್ಲ. ತಾನು ಉತ್ತರಿಸದಿದ್ದರೂ ಅವನು ಆ ಮಾತುಕತೆಯ ಒಳಗಿನವನೇ ಆಗಿದ್ದ.

ಗೇ ಬಾಂಬೆಯ ನಿಜವಾದ ಸಾಧನೆ ಇರುವುದು ಮಾತ್ರ ತೆರೆಯಿಂದ ಆಚೆಗೆ. ಇಮೇಲಿನ ಪರಿಚಯ ಭಾನುವಾರದ ಕೂಟಗಳಿಗೆ ದಾರಿಮಾಡಿತು. ಸದಸ್ಯರು ಯಾರದಾದರೂ ಮನೆಯಲ್ಲಿ ಸೇರಿ ಒಂದು ವಿಷಯ ಹಿಡಿದು ಮಾತಾಡುತ್ತಿದ್ದರು. ನೃತ್ಯದ ಪಾರ್ಟಿಗಳು, ಸಿನಿಮಾ ಪ್ರದರ್ಶನಗಳು ನಡೆದವು. ಎಲ್ಲಕ್ಕಿಂತ ದಿಟ್ಟತನದ್ದು ತಂದೆತಾಯಿಯರ ಕೂಟ: ಮಗ ಸಲಿಂಗಿ ಎಂದು ತಿಳಿದ ಅಪ್ಪ ಅಮ್ಮಂದಿರು ತಮ್ಮಂಥವರೇ ಆದ ಇತರರ ಎದುರು ಕೂತು ಮಾತಾಡುವುದು. ಅಡ್ಡಹೆಸರಿನವನು ಹೀಗೆ ಮುಖವುಳ್ಳ ಮನುಷ್ಯನಾದ. ಪರ್ಮೇಶ್ ಶಹಾನಿ 2008ರಲ್ಲಿ ಪ್ರಕಟಿಸಿದ ಪುಸ್ತಕ ಈ ಬಳಗವನ್ನೇ ಕುರಿತದ್ದು. ಅಂತರ್ಜಾಲದ ಬದುಕು ಬೇರೆ, ಹೊರಗಿನ ಬದುಕು ಬೇರೆ ಎಂದು ಗೆರೆ ಎಳೆಯುವವರಿಗೆ ಗೇ ಬಾಂಬೆಯ ಕಥೆ ಒಳ್ಳೆಯ ಉತ್ತರ.

ಕಂಪ್ಯೂಟರ್ ಇಲ್ಲದವರಿಗೆ ಸೈಬರ್ ಕೆಫೆಗಳಿದ್ದವು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಕೂಡ ಸೈಬರ್ ಕೆಫೆಯೇ. ಕೆಲವೇ ವರ್ಷಗಳಲ್ಲಿ ಅವು ಜಿಲ್ಲಾ ಕೇಂದ್ರಗಳ ಗಲ್ಲಿಗಳಿಗೂ ಬಂದವು. ಪ್ಲೈವುಡ್ ತಡಿಕೆಯ ಗೂಡಿನಲ್ಲಿ ಗಂಟೆಯ ಲೆಕ್ಕದಲ್ಲಿ ಕೂತು ಯಾಹೂ ಚಾಟ್ ರೂಮಿಗೆ ಹೋದರೆ ಮೊದಲು ಎದುರಾಗುತ್ತಿದ್ದದ್ದು ವಯಸ್ಸು ಮತ್ತು ಊರಿನ ಪ್ರಶ್ನೆ, ಅದರ ಹಿಂದೆಯೇ ‘ಪ್ಲೇಸ್ ಇದೆಯಾ?’ ಎಂಬ ಪ್ರಶ್ನೆ. ಮುಗಿಸಿ ಏಳುವ ಮುನ್ನ ಬ್ರೌಸರಿನ ಹಿಸ್ಟರಿ ಅಳಿಸುವುದನ್ನು ಯಾರೂ ಮರೆಯುತ್ತಿರಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳು ಗ್ರಾಹಕರ ಗುರುತಿನ ಚೀಟಿ ನೋಡುವುದನ್ನು ಕಡ್ಡಾಯ ಮಾಡಿದವು, ತಡಿಕೆ ನಾಲ್ಕೂವರೆ ಅಡಿ ಮೀರಬಾರದೆಂದವು. ಗೂಡಿನ ಮರೆ ಅಲ್ಲಿಗೆ ಹೋಯಿತು.

ಕಾನೂನಿನ ನೆರಳು ಎಲ್ಲ ಕಡೆಯೂ ಇತ್ತು. ದಂಡ ಸಂಹಿತೆಯ 377ನೇ ಕಲಮಿನಡಿ ಸಲಿಂಗ ಸಂಬಂಧಕ್ಕೆ ಜೀವಾವಧಿವರೆಗೂ ಶಿಕ್ಷೆ ಇತ್ತು. 2006ರ ಜನವರಿಯಲ್ಲಿ ಲಖನೌ ಪೊಲೀಸರು ಇದೇ ಕಲಮಿನಡಿ ನಾಲ್ವರನ್ನು ಬಂಧಿಸಿದರು. ಪೊಲೀಸರೇ ಸಲಿಂಗಿಗಳ ಸೋಗು ಹಾಕಿ ವೆಬ್‌ಸೈಟಿನ ಮೂಲಕ ಬಲೆ ಬೀಸಿದರೆಂದು ಮಾನವ ಹಕ್ಕುಗಳ ಸಂಘಟನೆಗಳು ದೂರಿದವು. ಇದಲ್ಲದೆ ಸುಳ್ಳು ಪ್ರೊಫೈಲ್ ತೋರಿಸಿ ಕರೆಸಿಕೊಂಡು, ಮನೆಯವರಿಗೆ ಹೇಳುತ್ತೇವೆಂದು ಹೆದರಿಸಿ ದುಡ್ಡು ಕೀಳುವ ಪುಂಡರ ಕಾಟ ಆಗಲೂ ಇತ್ತು, ಈಗಲೂ ಇದೆ.

ಭಾಷೆಯದು ಇನ್ನೊಂದು ಗೋಡೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಇಮೇಲಿನಲ್ಲಿ ಕನ್ನಡ ಬರೆಯುವುದೇ ಹರಸಾಹಸವಾಗಿತ್ತು. ಇಂಗ್ಲಿಷ್ ಬಾರದವನಿಗೆ ಇಮೇಲ್ ಬಳಗಗಳು ಇದ್ದೂ ಇಲ್ಲದಂತೆ. ಅಂಥವರ ಪಾಲಿಗೆ ಸ್ವಭಾವ ಸಂಸ್ಥೆ ಬೆಂಗಳೂರಿನಲ್ಲಿ ನಡೆಸಿದ ‘ಸಹಾಯ’ ದೂರವಾಣಿ ಹೆಚ್ಚು ಉಪಯೋಗದ್ದು. ಫೋನಿಗೆ ಕೀಬೋರ್ಡ್ ಬೇಡವಲ್ಲ. ಕನ್ನಡದಲ್ಲಿ ಸಲಿಂಗಿಯ ಬದುಕನ್ನು ಒಳಗಿನಿಂದ ಬಿಡಿಸಿಟ್ಟ ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳು 2013ರಲ್ಲಿ ಬಂದವು. ಕನ್ನಡ ಮಾತ್ರ ಓದುವವರಿಗೆ ಅಂತರ್ಜಾಲ ಅಷ್ಟು ವರ್ಷ ಕೊಡದೆ ಹೋದ ಜೊತೆಯನ್ನು ಒಂದು ಪುಸ್ತಕ ಕೊಟ್ಟಿತು.

2009ರಲ್ಲಿ, ಹತ್ತಿರದಲ್ಲಿರುವ ಸಲಿಂಗಿಗಳನ್ನು ತೋರಿಸುವ ಗ್ರೈಂಡರ್ ಆ್ಯಪ್ ಬಂತು. ಮೊಬೈಲ್ ಅಗ್ಗವಾದಂತೆ ತಾಲ್ಲೂಕಿನ ಹುಡುಗನೂ ಹತ್ತು ಕಿಲೋಮೀಟರ್ ಒಳಗೆ ಯಾರಿದ್ದಾರೆಂದು ನೋಡುವಂತಾದ. ಸಿಗುವವರ ಸಂಖ್ಯೆ ಬೆಳೆಯಿತು, ಆದರೆ ಎಲ್ಲರೂ ಕೇಳಿಸಿಕೊಳ್ಳುವ ಮಾತು ಕಡಿಮೆಯಾಯಿತು. ಆ್ಯಪಿನಲ್ಲಿ ಇರುವುದು ಇಬ್ಬರ ನಡುವಿನ ಸಂದೇಶ. ಹೆಣ್ಣಿಗತನ ಬೇಡ, ದಪ್ಪಗಿರುವವರು ಬೇಡ ಎಂದು ಪ್ರೊಫೈಲಿನಲ್ಲೇ ಬರೆದುಕೊಳ್ಳುವವರು ಅಲ್ಲಿ ಧಾರಾಳವಾಗಿ ಸಿಗುತ್ತಾರೆ. ಬಳಗ ಕಟ್ಟಲು ಆ್ಯಪಿಗಿಂತ ಹಳೆಯ ಇಮೇಲೇ ಮೇಲು ಎನ್ನದೆ ವಿಧಿಯಿಲ್ಲ.

ಬಳಗದ ಬಲ ನ್ಯಾಯಾಲಯದಲ್ಲೂ ಕಂಡಿತು. ದೆಹಲಿ ಹೈಕೋರ್ಟ್ 2009ರಲ್ಲಿ 377ನೇ ಕಲಮಿನಿಂದ ಕೊಟ್ಟ ಬಿಡುಗಡೆಯನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ರದ್ದುಮಾಡಿತ್ತು. ಐಐಟಿಗಳ ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ‘ಪ್ರವೃತ್ತಿ’ ಎಂಬ ಆನ್‌ಲೈನ್ ಬಳಗದಲ್ಲಿ ಒಟ್ಟುಗೂಡಿದ್ದರು. ಅದರ 20 ಮಂದಿ 2018ರಲ್ಲಿ ಸ್ವಂತ ಹೆಸರಿನಲ್ಲೇ ಅರ್ಜಿ ಹಾಕಿದರು. ಅದೇ ವರ್ಷ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬಂತು.

ಆ ಕಾಲದ ಇಮೇಲ್ ಬಳಗಗಳಲ್ಲಿ ಬಹುಪಾಲು ನಡೆಯುತ್ತಿದ್ದದ್ದು ಯಾಹೂ ಗ್ರೂಪ್ಸ್ ಮೇಲೆ. ಕಂಪನಿ 2019ರಲ್ಲಿ ಅಲ್ಲಿನ ಹಳೆಯ ಸಂಗ್ರಹವನ್ನೆಲ್ಲ ಅಳಿಸುವುದಾಗಿ ಪ್ರಕಟಿಸಿ, 2020ರ ಡಿಸೆಂಬರಿನಲ್ಲಿ ಸೇವೆಯನ್ನೇ ಮುಚ್ಚಿತು. ಯಾರೂ ಉಳಿಸಿಕೊಳ್ಳದ ಕಾಗದಗಳು ಹೋದವು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ ‘ಕಾಮ್ರಾ’ ಸಂಗ್ರಹಾಗಾರ ಭಾರತದ ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯ ದಾಖಲೆಗಳನ್ನು ಕೂಡಿಡುತ್ತಿದೆ. ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಆ ಕಾಲದ ಇಮೇಲ್‌ಗಳು ಉಳಿದಿದ್ದರೆ, ಬರೆದವರ ಹೆಸರು ಬಯಲಾಗದಂತೆ ಎಚ್ಚರವಹಿಸಿ, ಇಂಥ ಕಡೆ ಸೇರಿಸಬೇಕು.