ಜಿನಬಿಂಬದ ಲೋಹ: ಶಾಸ್ತ್ರ, ಪೀಠಲೇಖ ಮತ್ತು ಕ್ಷ-ಕಿರಣ

ಬೆಳಗೊಳ ಎಂದೊಡನೆ ನಮ್ಮ ಮನಸ್ಸು ವಿಂಧ್ಯಗಿರಿಯತ್ತ ಹೊರಳುತ್ತದೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿಯೂ ಅದೇ ಹೆಸರಿನ ಊರೊಂದಿದೆ. ಈ ಎರಡು ಬೆಳಗೊಳಗಳ ನಡುವೆ ಹರಡಿರುವ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆ ಗಂಗ-ಹೊಯ್ಸಳರ ಕಾಲದಲ್ಲಿ ಜೈನಧರ್ಮಕ್ಕೆ ನೆಲೆಯಾಗಿತ್ತೆಂಬುದಕ್ಕೆ ಕಂಬದಹಳ್ಳಿಯ ಪಂಚಕೂಟ ಬಸದಿಯೊಂದೇ ಸಾಕ್ಷಿ. ಅದೇ ತಾಲ್ಲೂಕಿನ ಕೇಂದ್ರವಾದ ನಾಗಮಂಗಲವು ಲೋಹದ ಎರಕಕ್ಕೆ ಹೆಸರಾದ ಊರು. ಈ ಸೀಮೆಯ ಶಿಲ್ಪ, ಶಾಸನಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಬಸದಿಗಳ ಲೋಹಬಿಂಬಗಳ ವಿಷಯ ಬಂದಾಗ ಮಾತ್ರ ‘ಪಂಚಲೋಹದ್ದು’ ಎಂಬ ಒಂದು ಪದ ಬರೆದು ಮುಂದೆ ಸಾಗುವುದು ನಮ್ಮೆಲ್ಲರ ರೂಢಿಯಾಗಿದೆ. ಈ ಪದವನ್ನು ಎಷ್ಟರಮಟ್ಟಿಗೆ ಪ್ರಮಾಣವೆಂದು ಗ್ರಹಿಸಬೇಕು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಪಂಚಲೋಹದ ಪಟ್ಟಿಯೇ ಒಂದು ತೆರನಾಗಿಲ್ಲ. ಚಿನ್ನ, ಬೆಳ್ಳಿ, ತಾಮ್ರಗಳ ಜೊತೆಗೆ ಒಂದೆಡೆ ತವರ, ಸೀಸಗಳು ಸೇರಿದರೆ ಇನ್ನೊಂದೆಡೆ ಹಿತ್ತಾಳೆಯೋ ಕಬ್ಬಿಣವೋ ಸೇರುತ್ತದೆ. ಬಿಂಬಗಳ ಪೀಠಲೇಖಗಳು ಸಾಮಾನ್ಯವಾಗಿ ಮಾಡಿಸಿದವರ ಹೆಸರನ್ನೂ ಗುರುಪರಂಪರೆಯನ್ನೂ ಹೇಳುತ್ತವೆಯೇ ಹೊರತು ಲೋಹದ ಪಾಲನ್ನು ಹೇಳುವುದಿಲ್ಲ. ಕಲ್ಯಾಣ ಚಾಳುಕ್ಯರ 3ನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು ಮೇಣದ ಅಚ್ಚಿನ ಎರಕವನ್ನು ವಿವರಿಸುತ್ತ, ಮೇಣದ ತೂಕಕ್ಕೆ ತಾಮ್ರ ಅಥವಾ ಹಿತ್ತಾಳೆ ಎಂಟು ಇಲ್ಲವೆ ಹತ್ತು ಪಟ್ಟು, ಬೆಳ್ಳಿ ಹನ್ನೆರಡು ಪಟ್ಟು, ಚಿನ್ನ ಹದಿನಾರು ಪಟ್ಟು ಬೇಕೆನ್ನುತ್ತದೆ. ತಾಮ್ರವು ಮೇಣಕ್ಕಿಂತ ಒಂಬತ್ತು ಪಟ್ಟಿಗೂ ತುಸು ಹೆಚ್ಚು ಸಾಂದ್ರವಾದುದರಿಂದ, ಈ ಲೆಕ್ಕ ಎರಕದ ಕುಲುಮೆಯ ಮುಂದೆ ನಿಂತು ಕಂಡದ್ದೇ ಸರಿ. ಆದರೆ ಈ ನಿಯಮವೂ ಹೇಳುವುದು ಒಟ್ಟು ತೂಕವನ್ನೇ; ಮಿಶ್ರಣದ ಒಳವಿವರವನ್ನಲ್ಲ.

ಲೋಹದ ಶುದ್ಧಿಯನ್ನು ಅಂಕಿಗಳಲ್ಲಿ ಹೇಳುವ ಪರಂಪರೆ ಜೈನ ವಿದ್ವತ್ತಿಗೆ ಅಪರಿಚಿತವೇನಲ್ಲ. ದೆಹಲಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಶ್ರಾವಕ ಠಕ್ಕುರ ಫೇರು 1318ರಲ್ಲಿ ರಚಿಸಿದ ‘ದ್ರವ್ಯಪರೀಕ್ಷಾ’ ಗ್ರಂಥವು ಅಂದಿನ ಹಲವು ರಾಜ್ಯಗಳ ನಾಣ್ಯಗಳ ಲೋಹಾಂಶವನ್ನು ತೂಕಸಹಿತವಾಗಿ ದಾಖಲಿಸುತ್ತದೆ. ಆದರೆ ನಾಣ್ಯವನ್ನು ಕರಗಿಸಿ ನೋಡಬಹುದು. ಪ್ರತಿಷ್ಠಿತ ಬಿಂಬವನ್ನು ಕರಗಿಸುವಂತಿಲ್ಲ, ಕೊರೆಯುವುದಕ್ಕೂ ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಕ್ಷ-ಕಿರಣ ರೋಹಿತಮಾಪನದ ಮಹತ್ತ್ವವಿರುವುದು ಇಲ್ಲಿಯೇ.

ಕ್ಷ-ಕಿರಣವು ಲೋಹವನ್ನು ತಾಕಿದಾಗ ಪರಮಾಣುವಿನ ಒಳಕವಚದ ಎಲೆಕ್ಟ್ರಾನೊಂದು ಹೊರಬೀಳುತ್ತದೆ. ಆ ತೆರವನ್ನು ಹೊರಕವಚದ ಎಲೆಕ್ಟ್ರಾನು ತುಂಬುವಾಗ ಆಯಾ ಧಾತುವಿಗೇ ವಿಶಿಷ್ಟವಾದ ಕ್ಷ-ಕಿರಣ ಹೊಮ್ಮುತ್ತದೆ. ಈ ಕಿರಣಗಳಿಗೂ ಪರಮಾಣು ಸಂಖ್ಯೆಗೂ ಇರುವ ನಿಯತ ಸಂಬಂಧವನ್ನು 1913ರಲ್ಲಿ ಹೆನ್ರಿ ಮೋಸ್ಲಿ ತೋರಿಸಿದನು. ಬೆಂಗಳೂರಿನಲ್ಲಿ ಸಿದ್ಧವಾಗಿ ಚಂದ್ರಯಾನ-2ರೊಡನೆ ಚಂದ್ರನನ್ನು ಸುತ್ತುವ ‘ಕ್ಲಾಸ್’ ಉಪಕರಣವು ಚಂದ್ರನ ನೆಲದ ಧಾತುಗಳನ್ನು ಗುರುತಿಸುವುದೂ ಇದೇ ತತ್ತ್ವದಿಂದ. ತಾಮ್ರದ ಮುಖ್ಯರೇಖೆ 8.05 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಸತುವಿನದು 8.64, ತವರದ್ದು 25.27. ಸೀಸದ ಒಂದು ರೇಖೆ 10.55ರಲ್ಲಿದ್ದರೆ ಆರ್ಸೆನಿಕ್‌ನದು 10.54ರಲ್ಲಿದೆ, ಉಪಕರಣಕ್ಕೆ ಇವೆರಡೂ ಒಂದೇ. ಸೀಸದ ಇನ್ನೊಂದು ರೇಖೆಯನ್ನು 12.61ರಲ್ಲಿ ಹುಡುಕಿ ನಿರ್ಣಯಿಸಬೇಕು. ಸವೆದ ಶಾಸನದಲ್ಲಿ ‘ಪ’ಕಾರವೋ ‘ವ’ಕಾರವೋ ಎಂದು ತಿಳಿಯದಾಗ ನಾವು ಅಕ್ಕಪಕ್ಕದ ಅಕ್ಷರಗಳ ನೆರವು ಪಡೆಯುವುದು ಹೀಗೆಯೇ ಅಲ್ಲವೆ? ಯಂತ್ರವೂ ಓದುಗನನ್ನು ಬೇಡುತ್ತದೆ.

ದಕ್ಷಿಣ ಭಾರತದ ಲೋಹಬಿಂಬಗಳ ಬಗೆಗಿನ ಮಹತ್ತ್ವದ ಅಧ್ಯಯನ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರದು. ವಸ್ತುಸಂಗ್ರಹಾಲಯಗಳ ನೂರಕ್ಕೂ ಮಿಕ್ಕ ಬಿಂಬಗಳಿಂದ ಅತಿಸೂಕ್ಷ್ಮ ಕೊರೆತದ ಮಾದರಿಗಳನ್ನು ಪಡೆದು, ಅನ್ಯ ವಿಧಾನಗಳಿಂದ ಅವರು ಪರೀಕ್ಷಿಸಿದರು. ಅವುಗಳಲ್ಲಿ ಬಹುಪಾಲು ತಾಮ್ರ, ತವರ, ಸೀಸಗಳ ಕಂಚು. ಚಿನ್ನ ಬೆಳ್ಳಿಗಳು ಲೇಶಮಾತ್ರ.

ಹಾಗಾದರೆ ‘ಪಂಚಲೋಹ’ವೆಂಬ ಮಾತು ಸುಳ್ಳೆ? ಆತುರದಿಂದ ಹಾಗೆನ್ನಲಾಗದು. ಹತ್ತು ಕಿಲೋ ತೂಕದ ಬಿಂಬದ ಎರಕಕ್ಕೆ ಭಕ್ತರೊಬ್ಬರು ಒಂದು ಗ್ರಾಂ ಚಿನ್ನ ಹಾಕಿದರೆ ಅದರ ಪಾಲು ಶೇ 0.01. ಚಿನ್ನದ ರೇಖೆ 9.71, ಸತುವಿನ ಎರಡನೆಯ ರೇಖೆ 9.57. ಕೈಯಲ್ಲಿ ಹಿಡಿಯುವ ಉಪಕರಣಕ್ಕೆ ಅಷ್ಟು ಅಲ್ಪ ಚಿನ್ನ ಕಾಣುವುದೇ ದುಸ್ತರ. ದಾನಿಯ ದೃಷ್ಟಿಯಿಂದ ಆ ಬಿಂಬ ಪಂಚಲೋಹದ್ದೇ. ಯಂತ್ರ ಅಳೆಯುವುದು ಪ್ರಮಾಣವನ್ನು. ‘ಪಂಚಲೋಹ’ ಹೇಳುವುದು ಸಂಕಲ್ಪವನ್ನು. ಇವೆರಡು ಬೇರೆ ನಯಗಳೆಂಬುದನ್ನು ಜೈನ ತರ್ಕದ ವಿದ್ಯಾರ್ಥಿಗೆ ವಿವರಿಸಬೇಕಿಲ್ಲ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ಬಿಂಬಕ್ಕೆ ನೋವಾಗದಂತೆ ನೋಡುವ ಈ ವಿಧಾನಕ್ಕೆ ಕಾಣುವುದು ಬಿಂಬದ ತೊಗಲು ಮಾತ್ರ. ತಾಮ್ರದ ಕಿರಣ ಹೊರಬರುವುದು ಮೇಲ್ಮೈಯ ಕೆಲವು ಹತ್ತು ಮೈಕ್ರಾನುಗಳ ಆಳದಿಂದ. ಅದು ತಲೆಗೂದಲಿನ ದಪ್ಪವನ್ನು ಮೀರದು. ಆ ತೊಗಲಾದರೋ ತಲೆಮಾರುಗಳ ಅಭಿಷೇಕವನ್ನು ಕಂಡದ್ದು, ಹುಣಸೆಹುಳಿಯಿಂದ ಉಜ್ಜಿಸಿಕೊಂಡದ್ದು. ಹುಳಿಯು ಹಿತ್ತಾಳೆಯ ಮೇಲ್ಪದರದಿಂದ ಸತುವನ್ನು ಮೊದಲು ಸೆಳೆಯುತ್ತದೆ. ಆಗ ಯಂತ್ರವು ಇರುವುದಕ್ಕಿಂತ ಕಡಿಮೆ ಸತುವನ್ನು ತೋರಿಸಬಹುದು. ಕಾಲನಿರ್ಣಯದಲ್ಲಿ ಇದರ ಪರಿಣಾಮ ದೊಡ್ಡದು. ಸತುವಿನ ಅದಿರನ್ನು ತಾಮ್ರದೊಡನೆ ಕಾಯಿಸುವ ಹಳೆಯ ಕ್ರಮದಲ್ಲಿ ಹಿತ್ತಾಳೆಗೆ ಸಾಮಾನ್ಯವಾಗಿ ಶೇ 28ಕ್ಕಿಂತ ಹೆಚ್ಚು ಸತು ಸೇರದು. ಗಂಗರ ಕಾಲದ್ದೆನ್ನುವ ಬಿಂಬವೊಂದರಲ್ಲಿ ಶೇ 35 ಕಂಡರೆ ಆ ಕಾಲವನ್ನು ಪುನಃ ಪರಿಶೀಲಿಸಬೇಕಾಗುತ್ತದೆ. ಆದರೆ ಉಜ್ಜಿ ಸವೆದ ಮುಖಭಾಗದಲ್ಲಿ ಅದೇ ಬಿಂಬ ಶೇ 25 ತೋರಿಸಿ ನಮ್ಮನ್ನು ದಾರಿ ತಪ್ಪಿಸಲೂಬಹುದು.

ಆದುದರಿಂದ ಈ ಸೀಮೆಯ ಬಸದಿಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರಲ್ಲಿ ಒಂದು ವಿನಂತಿ. ಬಿಂಬವನ್ನು ಯಂತ್ರದಿಂದ ಹೊಳಪುಗೊಳಿಸುವ ಅಥವಾ ಸವೆದದ್ದನ್ನು ಕರಗಿಸಿ ಹೊಸದಾಗಿ ಎರೆಯುವ ಮಾತು ಬರುವ ಮೊದಲೇ ಅದರ ದಾಖಲೆಯಾಗಲಿ. ಒಮ್ಮೆ ಕರಗಿದ ಲೋಹ ತನ್ನ ಕಾಲವನ್ನು ಹೇಳಲಾರದು. ಒಂದೇ ಜಾಗದ ಅಳತೆಗೆ ತೃಪ್ತರಾಗದೆ ಎದೆ, ಬೆನ್ನು, ಪೀಠದ ತಳ ಮೂರನ್ನೂ ಅಳೆಯಿರಿ; ಎಲ್ಲಿ ಅಳೆದಿರೆಂಬುದನ್ನು ಬರೆಯಿರಿ. ಆ ಅಂಕಿಗಳ ಪಕ್ಕದಲ್ಲಿಯೇ ಪೀಠಲೇಖದ ಪಾಠವನ್ನೂ ಬಸದಿಯ ಪುರೋಹಿತರು ಹೇಳುವ ತೊಳೆಯುವ ಕ್ರಮವನ್ನೂ ದಾಖಲಿಸಿರಿ. ಇವು ಜೊತೆಗಿದ್ದಾಗ ಮಾತ್ರ ‘ಪಂಚಲೋಹದ್ದು’ ಎಂಬ ಮಾತನ್ನು ನಾವು ಅರಿತು ಬರೆದಂತಾಗುತ್ತದೆ.