ನೂರು ವರ್ಷದ ಮೊಟ್ಟೆಗೆ ನೂರು ವರ್ಷ ಆಗಿಲ್ಲ!

ಹೆಸರಿನ ಹಿಂದಿನ ಕಥೆ | ಭಾಗ 6

ಈ ಫೋಟೋದಲ್ಲಿರೋ ಮೊಟ್ಟೆ ಕೊಳೆತದ್ದಲ್ಲ. ಬಿಳಿ ಭಾಗ ಕಂದು ಜೆಲ್ಲಿಯಾಗಿದೆ, ಹಳದಿ ಭಾಗ ಕಡು ಹಸಿರಾಗಿದೆ, ಅಷ್ಟೇ. ರೀಲ್ಸ್‌ನಲ್ಲಿ ಇದನ್ನ ನೋಡಿ "ಛೀ" ಅಂತ ಮುಂದೆ ಹೋಗಿದ್ದೀರಾ? ಒಂದು ನಿಮಿಷ ನಿಲ್ಲಿ.

ಇಂಗ್ಲಿಷ್‌ನವರು ಇದನ್ನ ‘ಸೆಂಚುರಿ ಎಗ್’ ಅಂತಾರೆ. ಇನ್ನು ಕೆಲವರು ‘ಸಾವಿರ ವರ್ಷದ ಮೊಟ್ಟೆ’ ಅಂತಲೂ ಅಂತಾರೆ. ನಿಜವಾದ ವಯಸ್ಸು? ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು!

ಮಾಡೋದು ಹೀಗೆ. ಸುಟ್ಟ ಸುಣ್ಣ (ಎಲೆ-ಅಡಿಕೆಗೆ ಹಚ್ಚೋ ಸುಣ್ಣ ನೀರು ಹಾಕೋ ಮುಂಚೆ ಇರುತ್ತಲ್ಲ, ಅದೇ), ಬೂದಿ, ಉಪ್ಪು, ಜೇಡಿಮಣ್ಣು ಎಲ್ಲವನ್ನೂ ಚಹಾ ಕಷಾಯದಲ್ಲಿ ಕಲಸಿ, ಹಸಿ ಬಾತುಕೋಳಿ ಮೊಟ್ಟೆಗೆ ದಪ್ಪಗೆ ಮೆತ್ತುತ್ತಾರೆ. ಒಂದಕ್ಕೊಂದು ಅಂಟದಿರಲಿ ಅಂತ ಭತ್ತದ ಹೊಟ್ಟಿನಲ್ಲಿ ಹೊರಳಿಸಿ ಜಾಡಿಯಲ್ಲಿ ಇಡುತ್ತಾರೆ. ಸುಣ್ಣ-ಬೂದಿಯ ಕ್ಷಾರ ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಗಿಳಿಯುತ್ತೆ. ಒಲೆ ಇಲ್ಲ, ಬೆಂಕಿ ಇಲ್ಲ, ಆದರೂ ಮೊಟ್ಟೆ ಗಟ್ಟಿಯಾಗುತ್ತೆ. ಆದರೆ ಲೆಕ್ಕ ತಪ್ಪಿ ಕ್ಷಾರ ಹೆಚ್ಚಾದರೆ ಗಟ್ಟಿಯಾದದ್ದು ಮತ್ತೆ ನೀರಾಗುತ್ತೆ. ಅಂದ್ರೆ ಇದು ಮರೆತು ಬಿಟ್ಟ ಮೊಟ್ಟೆಯಲ್ಲ, ದಿನ ಎಣಿಸಿ ಕಾದ ಮೊಟ್ಟೆ.

ಮಿಂಗ್ ವಂಶದ ಕಾಲದಲ್ಲಿ (1368–1644) ಯಾರದೋ ಮನೆ ಕಟ್ಟೋ ಸುಣ್ಣದ ಗುಂಡಿಯಲ್ಲಿ ಬಾತುಕೋಳಿ ಮೊಟ್ಟೆ ಸಿಕ್ಕಿ ಇದು ಶುರುವಾಯ್ತು ಅಂತ ಒಂದು ಕಥೆ ಇದೆ. ಕಥೆ ಅಂತಲೇ ಕೇಳಿ, ಇತಿಹಾಸ ಅಂತ ಬೇಡ.

ಈಗ ಹೆಸರಿಗೆ ಬರೋಣ. ಚೀನಾದಲ್ಲಿ ಇದು ‘ಪೀದಾನ್’, ಅಂದ್ರೆ ತೊಗಲಿನ ಮೊಟ್ಟೆ. ಇನ್ನೊಂದು ಹೆಸರು ‘ಸೋಂಗ್‌ಹ್ವಾ ದಾನ್’, ಪೈನ್ ಹೂವಿನ ಮೊಟ್ಟೆ. ಚಿಪ್ಪು ಸುಲಿದಾಗ ಆ ಕಂದು ಜೆಲ್ಲಿಯ ಮೇಲೆ ಪೈನ್ ಎಲೆಯಂಥ ಹರಳಿನ ಚಿತ್ತಾರ ಕಾಣುತ್ತಲ್ಲ, ಅದಕ್ಕೆ. ಥಾಯ್ ಭಾಷೆಯಲ್ಲಿ ಮಾತ್ರ ‘ಕುದುರೆ ಮೂತ್ರದ ಮೊಟ್ಟೆ’! ಅಮೋನಿಯಾ ವಾಸನೆಗೆ ಬಂದ ಹೆಸರು. ಕುದುರೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಒಂದೇ ಮೊಟ್ಟೆ. ದಿನಾ ಗಂಜಿ ಜೊತೆ ತಿನ್ನೋರಿಗೆ ಹೂವು ಕಂಡಿತು. ದೂರದಿಂದ ನೋಡಿದೋರಿಗೆ ಹಳತು ಕಂಡಿತು, ಮೂಗು ಮುಚ್ಚಿಕೊಂಡೋರಿಗೆ ಮೂತ್ರ. 2011ರಲ್ಲಿ ಸಿಎನ್‌ಎನ್‌ನ ಅಸಹ್ಯ ತಿನಿಸುಗಳ ಪಟ್ಟಿಯಲ್ಲಿ ಇದು ಮೊದಲ ಸ್ಥಾನದಲ್ಲಿತ್ತು. ಚೀನಾದಲ್ಲಿ ಮೊಟ್ಟೆ ಮಾಡೋರು ಸಿಟ್ಟಾದರು, ಕೊನೆಗೆ ಸಿಎನ್‌ಎನ್ ಕ್ಷಮೆ ಕೇಳಿತು.

ಹಾಗಂತ ಎಲ್ಲವೂ ಚೆನ್ನ ಅಂತಲ್ಲ. ಬೇಗ ಹದವಾಗಲಿ ಅಂತ ಸೀಸದ ಆಕ್ಸೈಡ್ ಹಾಕೋ ಪದ್ಧತಿಯೂ ಇತ್ತು, ಅದು ನಿಜವಾಗಿಯೂ ವಿಷ. ಭಯ ಪಡಬೇಕಿದ್ದದ್ದು ಅದಕ್ಕೆ, ಬಣ್ಣಕ್ಕಲ್ಲ. (ಸುಟ್ಟ ಸುಣ್ಣ ಕೈ ಸುಡುತ್ತೆ, ಮನೆಯಲ್ಲಿ ಟ್ರೈ ಮಾಡೋಕೆ ಹೋಗಬೇಡಿ!)

ಮುಂದಿನ ಸಲ ಯಾರದೋ ಊಟ ನೋಡಿ "ಛೀ" ಅನ್ನೋ ಮುಂಚೆ ಒಂದು ಪ್ರಶ್ನೆ ಕೇಳಿ: ಇದನ್ನ ಮಾಡೋರು ಇದಕ್ಕೆ ಏನಂತಾರೆ?

ನಿಮ್ಮ ಮನೆಯ ಯಾವ ಅಡುಗೆಗೆ ಹೊರಗಿನವರು ತಪ್ಪು ಹೆಸರಿಟ್ಟಿದ್ದಾರೆ? ಕಮೆಂಟ್ ಮಾಡಿ.

#ಹೆಸರಿನ_ಹಿಂದಿನ_ಕಥೆ #ಊಟದ_ಇತಿಹಾಸ #ಕನ್ನಡ