ಚಹಾ ಬಣ್ಣದ ನೀರಿನಲ್ಲಿ ಸಣ್ಣ ಮೀನು: ಅಕ್ವೇರಿಯಂ ಹೀಗೆ ಸಿದ್ಧಪಡಿಸಿ

ಕಾರ್ಡಿನಲ್ ಟೆಟ್ರಾದಂಥ ಪುಟ್ಟ ಮೀನುಗಳ ತವರು ದಕ್ಷಿಣ ಅಮೆರಿಕದ ರಿಯೊ ನೆಗ್ರೊ ನದಿ. ಅಲ್ಲಿನ ನೀರು ಹಾಲು ಹಾಕದ ಚಹಾದ ಬಣ್ಣದ್ದು. ಕಾಡಿನ ಎಲೆ, ಕಟ್ಟಿಗೆ ನೆನೆದು ಬಿಡುವ ಟ್ಯಾನಿನ್ ಎಂಬ ಒಗರು ಅಂಶವೇ ಇದಕ್ಕೆ ಕಾರಣ. ಇಂಥ ನೀರಿಗೆ ಬ್ಲ್ಯಾಕ್‌ವಾಟರ್ ಎನ್ನುತ್ತಾರೆ.

ಕಾಡುಬಾದಾಮಿ ಎಲೆ ಹಾಕಿ, ನೀರು ಕೆಂಪಾದ ಕೂಡಲೇ ಕೆಲಸ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಮೀನು ಸಾಯುವುದು ಇಲ್ಲಿಯೇ. ಎಲೆ ಬಣ್ಣ ಕೊಡುತ್ತದೆ, ಗಡಸುತನ ತೆಗೆಯುವುದಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ನೆಲದಡಿ ಇರುವುದು ಕರಿಕಲ್ಲು. ಅನೇಕ ಬೋರುಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಸಾಬೂನು ನೊರೆ ಬಾರದಿದ್ದರೆ, ತೊಗರಿಬೇಳೆ ಬೇಗ ಬೇಯದಿದ್ದರೆ ಅದು ಗಡಸು ನೀರೆಂದೇ ತಿಳಿಯಿರಿ. ಮರಾಠಿಯಲ್ಲಿ ಜಡ ಪಾಣಿ ಅನ್ನುವುದು ಇದನ್ನೇ.

ಪರಿಹಾರ ಮಳೆನೀರು. ಮೊದಲ ಎರಡು ಮೂರು ಮಳೆ ಬಿಟ್ಟು, ಸ್ವಚ್ಛವಾದ ಹಂಚಿನ ಮೇಲಿಂದ ಬಿದ್ದ ನೀರನ್ನು ಮುಚ್ಚಿದ ಪಿಪಾಯಿಯಲ್ಲಿ ತುಂಬಿಡಿ. ಬೇಸಿಗೆಯಲ್ಲಿ ಆರ್‌ಒ ನೀರು ಆದೀತು. ಮೂರು ಪಾಲು ಇಂಥ ನೀರಿಗೆ ಒಂದು ಪಾಲು ನಳದ ನೀರು ಬೆರೆಸಿ. ಬರೀ ಆರ್‌ಒ ನೀರಾದರೆ ಪಿಎಚ್ ಒಮ್ಮೆಲೇ ಕುಸಿಯಬಹುದು. 6ರಿಂದ 6.5 ಇದ್ದರೆ ಸಾಕು.

60 ಸೆಂ.ಮೀ. ಉದ್ದದ ಗಾಜಿನ ಟ್ಯಾಂಕಿಗೆ ತಾನಾಗಿ ಉದುರಿ ಒಣಗಿದ ಎರಡು ಮೂರು ಬಾದಾಮಿ ಎಲೆ ಸಾಕು. ಶಾಲೆಯ ಅಂಗಳದಲ್ಲಿ ಬೇಕಾದಷ್ಟು ಸಿಗುತ್ತವೆ. ಔಷಧ ಹೊಡೆದ ಕಬ್ಬಿನ ಗದ್ದೆಯ ಪಕ್ಕದವು ಬೇಡ. ಕಲ್ಲು ಹಾಕುವ ಮುನ್ನ ಅದರ ಮೇಲೆ ಲಿಂಬೆರಸ ಹಿಂಡಿ. ಬುರುಗು ಬಂದರೆ ಅದು ಸುಣ್ಣದ ಕಲ್ಲು, ಬಿಸಾಡಿ. ಗಾಳಿ ಪಂಪಿನ ಸ್ಪಂಜ್ ಫಿಲ್ಟರ್ ಒಳ್ಳೆಯದು. ಇದ್ದಿಲಿನ ಫಿಲ್ಟರ್ ಹಾಕಿದರೆ ಬಣ್ಣವೆಲ್ಲ ಹೀರಿಬಿಡುತ್ತದೆ.

ಟ್ಯಾಂಕ್ ತುಂಬಿದ ದಿನವೇ ಮೀನು ತರಬೇಡಿ. ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ನಾಲ್ಕಾರು ವಾರ ಬೇಕು. ಅಷ್ಟು ದಿನ ಫಿಲ್ಟರ್ ನಡೆಸುತ್ತ, ಚಿಟಿಕೆಯಷ್ಟು ಮೀನಿನ ಆಹಾರ ಹಾಕುತ್ತಿರಿ. ಅಂಗಡಿಯ ಮೀನು ಗಡಸು ನೀರಿಗೆ ಒಗ್ಗಿರಬಹುದು. ಹೊಸ ನೀರನ್ನು ಗಂಟೆಗೂ ಹೆಚ್ಚು ಕಾಲ ಹನಿಹನಿಯಾಗಿ ಬೆರೆಸಿ ಆಮೇಲೆ ಬಿಡಿ. ಆರೆಂಟು ಮೀನು ಜೊತೆಗಿದ್ದರೆ ಹೆದರುವುದಿಲ್ಲ.

ದುಡ್ಡು ಉಳಿಸಲು ಹಳ್ಳದ ಮೀನು ಹಿಡಿದು ತಂದು ಬಿಡುವವರೂ ಇದ್ದಾರೆ. ಗಡಹಿಂಗ್ಲಜದ ಮುಂದೆ ಹರಿಯುವ ಹಿರಣ್ಯಕೇಶಿಯ ಮೂಲದಲ್ಲಿ, ಅಂಬೋಲಿಯ ದೇವಸ್ಥಾನದ ಕುಂಡದಲ್ಲಿ, ಸಿಕ್ಕ ಪುಟ್ಟ ಮೀನಿಗೆ 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಡಲಾಯಿತು. ಮಹಾರಾಷ್ಟ್ರ ಸರಕಾರ 2021ರಲ್ಲಿ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಅಂಥವನ್ನು ಮುಟ್ಟಬೇಡಿ. ಸಾಕಿ ಬೇಸರವಾದ ಟೆಟ್ರಾಗಳನ್ನೂ ಹೊಳೆಗೆ ಬಿಡದೆ ಅಂಗಡಿಗೋ ಬೇರೆ ಸಾಕುವವರಿಗೋ ಕೊಡಿ.